ಆನ್ಸೆಲ್ಮ್ ಕಾಫಿಗೆ ಹೋಗಿದ್ದಾನೆ

ನವೆಂಬರ್ ೮, ಶನಿವಾರ

ಈ ಪುಸ್ತಕ ಇರುವುದು ಯಾವ ಮಡಿಗೆ ಯಾವಾಗ ಬಿತ್ತಿದೆ, ಎಷ್ಟು ಗೊಬ್ಬರ ಹಾಕಿದೆ ಎಂದು ಬರೆದಿಡುವುದಕ್ಕೆ. ಮನುಷ್ಯರ ವಿಷಯವನ್ನು ನಾನು ಇದರಲ್ಲಿ ಇದುವರೆಗೆ ಬರೆದವಳಲ್ಲ. ಬೆಳ್ಳುಳ್ಳಿಯ ಪಕ್ಕ ಮನುಷ್ಯರನ್ನು ಬರೆದರೆ ಬೆಳ್ಳುಳ್ಳಿಗೆ ಅವಮಾನ ಅಂತ ನನ್ನ ಅಭಿಪ್ರಾಯ. ಆದರೆ ಇವತ್ತು ಬೆಳಿಗ್ಗೆ ಸಂತೆಯಲ್ಲಿ, ಎಲ್ಲರ ಎದುರಿಗೆ, ನಾನೊಂದು ಸುಳ್ಳು ಹೇಳಿದೆ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ಪಕ್ಕದವನು ಬರಲಿಲ್ಲ. ಪಕ್ಕದವನು ಎಂದರೆ ಸಂತೆಯ ಮಾಡಿನ ಕೆಳಗೆ ಮೂಲೆ ಜಾಗದವನು, ಆನ್ಸೆಲ್ಮ್. ನನ್ನ ತಾಯಿಯ ಹೊಟ್ಟೆಯಲ್ಲೇ ನನಗಿಂತ ನಾಲ್ಕು ವರ್ಷ ತಡವಾಗಿ ಹುಟ್ಟಿದವನು. ಮೂವತ್ತು ವರ್ಷದಿಂದ ನಾವಿಬ್ಬರೂ ಪ್ರತಿ ಶನಿವಾರ ಒಂದು ಮಾರು ದೂರದಲ್ಲಿ ನಿಂತು ತರಕಾರಿ ಮಾರುತ್ತೇವೆ. ಒಂಬತ್ತು ವರ್ಷದಿಂದ ಮಾತಿಲ್ಲ. ನನ್ನ ಹತ್ತಿರ ಚಿಲ್ಲರೆ ಮುಗಿದರೆ ಯಾರಾದರೂ ಗಿರಾಕಿಗೆ ಹೇಳುತ್ತೇನೆ, ಅವರು ಅವನಿಗೆ ಹೇಳುತ್ತಾರೆ, ಅವನು ಅವರ ಕೈಗೆ ಕೊಡುತ್ತಾನೆ. ಊರಿಗೆಲ್ಲ ಅಭ್ಯಾಸವಾಗಿದೆ.

ಕಾರಣ ಅಮ್ಮನ ಆಸ್ಪರಾಗಸ್ ಮಡಿ. ಅಮ್ಮ ಹೋದ ಮೇಲೆ ಹೊಳೆದಂಡೆಯ ತೋಟಕ್ಕೆ ನಡುವೆ ತಂತಿ ಬಂತು. ಮೇಲಿನ ಅರ್ಧ, ಮನೆ ಸಮೇತ, ಅವನಿಗೆ. ಕೆಳಗಿನ ಅರ್ಧ ನನಗೆ. ಮಡಿ ಅವನ ಪಾಲಿಗೆ ಹೋಯಿತು. ಆಸ್ಪರಾಗಸ್ ನೆಟ್ಟರೆ ಮೂರು ವರ್ಷ ಮುಟ್ಟುವಂತಿಲ್ಲ, ಆಮೇಲೆ ಇಪ್ಪತ್ತು ವರ್ಷ ತಿನ್ನುವ ಮೊಳಕೆ ಕೊಡುತ್ತದೆ. ಅಮ್ಮನದಕ್ಕೆ ಇನ್ನೂ ಹನ್ನೆರಡು ವರ್ಷ ಆಯಸ್ಸಿತ್ತು. ಮಾರ್ಚ್ ತಿಂಗಳಲ್ಲಿ, ಇನ್ನೇನು ಮೊಳಕೆ ತಲೆ ಎತ್ತಬೇಕು ಅನ್ನುವಾಗ, ಅವನು ಅದನ್ನು ಬುಡಸಮೇತ ಅಗೆದು ಆಲೂಗಡ್ಡೆ ಹಾಕಿದ. ಬೇರುಗಳು ಕೈಗಾಡಿಯಲ್ಲಿ ಮೇಲ್ಮುಖವಾಗಿ ಬಿದ್ದಿದ್ದನ್ನು ತಂತಿಯ ಈಚೆಯಿಂದ ನೋಡಿದೆ. ಆಗ ಏನೂ ಹೇಳಲಿಲ್ಲ, ಆಮೇಲೂ ಏನೂ ಹೇಳಲಿಲ್ಲ.

ಇವತ್ತು ಎಂಟಕ್ಕೆ ಚರ್ಚಿನ ಗಂಟೆ ಹೊಡೆಯಿತು. ಪುರಸಭೆಯ ಪ್ರಾದಲ್ ಪುಸ್ತಕ ಹಿಡಿದು ಹೆಸರು ಕೂಗುತ್ತ ಬಂದ. ಹಲಗೆಯ ಮೇಲೆ ಮಾಲು ಇಟ್ಟು ಓಗೊಡದವರ ಜಾಗ ಆ ದಿನಕ್ಕೆ ಕಾರಂಜಿಯ ಹತ್ತಿರ ಕಾದು ನಿಂತ ಹೊರಗಿನವರಿಗೆ. ವರ್ಷಕ್ಕೆ ಹತ್ತು ಸಲ ಹಾಗಾದರೆ ಜಾಗವೇ ಕೈ ಬಿಟ್ಟಿತು. ಕಾರಂಜಿಯ ಹತ್ತಿರ ಚಪ್ಪಲಿ ಮಾರುವವನು ಆಗಲೇ ಧ್ವನಿವರ್ಧಕ ಇಳಿಸುತ್ತಿದ್ದ. ಅದು ಬೆಳಿಗ್ಗೆಯೆಲ್ಲ ನನ್ನ ಕಿವಿಯ ಪಕ್ಕ ಒದರುವುದನ್ನು ನೆನೆಸಿಕೊಂಡೆ. ಪ್ರಾದಲ್ "ಆನ್ಸೆಲ್ಮ್ ವೆರ್ದಿಯೆ" ಎಂದು ಕೂಗಿದ. ನನ್ನ ಬಾಯಿ ನನ್ನನ್ನು ಕೇಳದೆ "ಕಾಫಿಗೆ ಹೋಗಿದಾನೆ" ಅಂದಿತು. ನಾಲ್ಕು ಕುಂಬಳಕಾಯಿ ಅವನ ಜಾಗಕ್ಕೆ ಉರುಳಿಸಿದೆ.

ಇದು ಚಪ್ಪಲಿಯವನಿಂದ ನನ್ನ ಕಿವಿ ಉಳಿಸಿಕೊಳ್ಳಲು ಮಾಡಿದ್ದು. ಬರೆದಿಡುತ್ತಿದ್ದೇನೆ, ಮುಂದೆ ಯಾರೂ ಬೇರೆ ಅರ್ಥ ಮಾಡದಿರಲಿ.

ನವೆಂಬರ್ ೧೦, ಸೋಮವಾರ

ಫಿಲೊಮೆನ್ ಬಂದಿದ್ದಳು. ಸಂತೆಯಲ್ಲಿ ನನ್ನ ಎದುರಿಗೆ ಮೇಕೆ ಚೀಸ್ ಮಾರುತ್ತಾಳೆ, ನನ್ನ ಜೊತೆ ಶಾಲೆಗೆ ಬಂದವಳು. ಪಕ್ಕದವನಿಗೆ ನ್ಯುಮೋನಿಯಾ ಅಂತೆ, ಗುರುವಾರವೇ ಆಸ್ಪತ್ರೆಗೆ ಸೇರಿಸಿದರಂತೆ. ಎರಡೂ ಶ್ವಾಸಕೋಶ.

ನನಗೇನು ಎಂದೆ. ಅವಳು ನನ್ನ ಮುಖ ನೋಡಿ, ಒಲೆಯ ಮೇಲಿದ್ದ ಸೂಪು ಹೊತ್ತುತ್ತಿದೆ ಎಂದಳು. ಹೊತ್ತಿತ್ತು.

ನವೆಂಬರ್ ೨೨, ಶನಿವಾರ

ಮೂರನೇ ಕಾಫಿ.

ಬರೀ ಹೆಸರಿಗೆ ಓಗೊಟ್ಟರೆ ಸಾಲದು, ಹಲಗೆಯ ಮೇಲೆ ಅವನ ಮಾಲೇ ಇರಬೇಕು. ನನ್ನ ಕುಂಬಳ ಯಾವುದು, ಅವನ ಲೀಕ್ ಈರುಳ್ಳಿ ಯಾವುದು ಎಂದು ಇಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಅವನ ಲೀಕ್‌ನ ಬಿಳಿ ಭಾಗ ಒಂದು ಮೊಳ ಉದ್ದ, ಸುತ್ತಲೂ ಅಷ್ಟು ಎತ್ತರಕ್ಕೆ ಮಣ್ಣು ಏರಿಸುತ್ತಾನೆ, ಹೊಗಳಿಸಿಕೊಳ್ಳುವುದಕ್ಕೆ. ಹಾಗಾಗಿ ನಿನ್ನೆ ಮಧ್ಯಾಹ್ನ ತಂತಿ ದಾಟಿ ಅವನ ಲೀಕ್ ಕಿತ್ತೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಕಡೆ ಕಾಲಿಟ್ಟದ್ದು. ಕಳ್ಳಿಯ ಹಾಗೆ ಅನ್ನಿಸಿತು. ಮಣ್ಣು ಚೆನ್ನಾಗಿದೆ, ಅದನ್ನು ಒಪ್ಪಬೇಕು.

ಎಲ್ಲ ಮಾರಿಹೋಯಿತು. ದುಡ್ಡು ಅವನ ಡಬ್ಬಕ್ಕೇ ಹಾಕಿದೆ. ನೋಟರಿಯ ವಿಧವೆ ಕೂಡರ್ಕ್ ಅಮ್ಮನವರು ಎರಡು ಕಟ್ಟು ತೆಗೆದುಕೊಂಡು, ಏನೂ ಗೊತ್ತಿಲ್ಲದವರ ಹಾಗೆ, ಕಾಫಿ ಅಂಗಡಿಯಲ್ಲಿ ನಿಮ್ಮ ತಮ್ಮನನ್ನು ಈಗಷ್ಟೇ ಕಂಡೆ ಎಂದು ಪ್ರಾದಲ್‌ಗೆ ಕೇಳುವಂತೆ ಹೇಳಿದರು. ಆ ವಯಸ್ಸಿನಲ್ಲಿ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಹೆಂಗಸು. ಕೋಳಿ ಮಾರುವವನು ಇನ್ನೂ ಮುಂದೆ ಹೋಗಿ, ಅವನು ಎರಡನೇ ಲೋಟಕ್ಕೆ ಹೇಳಿದ್ದಾನೆ ಎಂದ. ಪ್ರಾದಲ್ ಯಾರನ್ನೂ ನೋಡದೆ ಗೀಟು ಹಾಕಿಕೊಂಡು ಹೋದ.

ಡಿಸೆಂಬರ್ ೨, ಮಂಗಳವಾರ

ಇಬ್ಬನಿ ಗಟ್ಟಿಯಾಗಿದೆ. ಮಡಿಗಳಿಗೆ ಒಣಹುಲ್ಲು ಹೊದಿಸಿದೆ. ಹುಲ್ಲು ಮಿಕ್ಕಿತು, ಆಚೆ ಕಡೆಯೂ ಹೊದಿಸಿದೆ. ಹುಲ್ಲನ್ನು ಮತ್ತೆ ಮನೆಗೆ ಹೊರುವುದು ಯಾರು.

ಡಿಸೆಂಬರ್ ೧೮, ಗುರುವಾರ

ಅವನನ್ನು ಮನೆಗೆ ಕಳಿಸಿದ್ದಾರೆ. ಮೆಟ್ಟಿಲು ಹತ್ತುವಂತಿಲ್ಲ, ಹೊರಗೆ ಬರುವಂತಿಲ್ಲ, ಭಾರ ಎತ್ತುವಂತಿಲ್ಲ. ನರ್ಸ್ ದಿನಕ್ಕೊಮ್ಮೆ ಬಂದು ಸೂಜಿ ಚುಚ್ಚಿ ಹೋಗುತ್ತಾಳೆ. ಊಟಕ್ಕೆ ಏನು ಎಂದರೆ ಫಿಲೊಮೆನ್ ಭುಜ ಕುಣಿಸಿದಳು. ಅವಳ ವ್ಯಾನ್ ದಿನವೂ ಆ ದಾರಿಯಲ್ಲೇ ಹೋಗುತ್ತದೆ.

ಬೆಳ್ಳುಳ್ಳಿ ಸೂಪು ಮಾಡಿದೆ. ಬಾತುಕೋಳಿ ಕೊಬ್ಬಿನಲ್ಲಿ ಹನ್ನೆರಡು ಎಸಳು, ಕೆಂಪಾಗದ ಹಾಗೆ ಬಾಡಿಸಿ, ಹಿಟ್ಟು, ನೀರು, ಮೊಟ್ಟೆಯ ಬಿಳಿ ಎಳೆ ಎಳೆಯಾಗಿ, ಕೊನೆಗೆ ಹಳದಿಯನ್ನು ವಿನೆಗರ್‌ನಲ್ಲಿ ಕಲಸಿ. ಫಿಲೊಮೆನ್ ಕೈಗೆ ಕೊಟ್ಟು, ನೀನೇ ಮಾಡಿದ್ದು ಎಂದು ಹೇಳಬೇಕು ಎಂದೆ. ಹೇಳುತ್ತೇನೆ ಎಂದಳು.

ಡಿಸೆಂಬರ್ ೧೯, ಶುಕ್ರವಾರ

ಪಾತ್ರೆ ತೊಳೆದು ವಾಪಸ್ ಬಂತು. ಜೊತೆಗೆ ಮಾತು. ಫಿಲೊಮೆನ್ ನನ್ನ ಅಡುಗೆಮನೆಯ ಬಾಗಿಲಲ್ಲೇ ನಿಂತು ಅವನ ದನಿಯಲ್ಲೇ ಒಪ್ಪಿಸಿದಳು:

"ಫಿಲೊಮೆನ್, ಇದನ್ನ ಯಾರು ಮಾಡಿದ್ರೋ ಅವರಿಗೆ ಹೇಳು, ಹಳದಿ ಹಾಕಿದ ಮೇಲೆ ಕುದಿಸಬಾರದು. ಒಡೆದುಹೋಗಿದೆ. ನಮ್ಮಮ್ಮ ಒಲೆಯಿಂದ ಇಳಿಸಿ ಹಾಕ್ತಿದ್ಲು."

ನಾನು ಕುದಿಸಿಲ್ಲ! ಬಿಸಿ ಮಾಡಿಕೊಡಲು ಹೋಗಿ ಕುದಿಸಿದವಳು ಇವಳು! ಅಮ್ಮ ಹೇಗೆ ಮಾಡುತ್ತಿದ್ದಳು ಎಂದು ನನಗೆ ಪಾಠ ಹೇಳುತ್ತಾನೆ, ಅಮ್ಮ ಆ ಸೂಪು ಕಲಿಸುವಾಗ ಅವನು ಮೇಜಿನ ಕೆಳಗೆ ಬೆಕ್ಕಿನ ಬಾಲ ಎಳೆಯುತ್ತಿದ್ದ. ಮೈ ಉರಿಯಿತು. ಪೂರ್ತಿ ಕುಡಿದನಾ ಎಂದು ಕೇಳಿದೆ. ಪಾತ್ರೆಯ ತಳ ರೊಟ್ಟಿಯಲ್ಲಿ ಒರೆಸಿದ ಎಂದಳು.

ನಾಳೆ ಲೀಕ್ ಮತ್ತು ಆಲೂಗಡ್ಡೆ. ಅದರಲ್ಲಿ ಒಡೆಯುವಂಥದ್ದು ಏನೂ ಇಲ್ಲ.

ಡಿಸೆಂಬರ್ ೨೫, ಕ್ರಿಸ್‌ಮಸ್

ಒಬ್ಬಳಿಗೆ ಎಂದು ಸಣ್ಣ ಕೋಳಿ ಕೇಳಿದ್ದೆ, ಕೋಳಿಯವನು ದೊಡ್ಡದು ಕಟ್ಟಿಕೊಟ್ಟ. ಹೊಟ್ಟೆಯೊಳಗೆ ಚೆಸ್ಟ್‌ನಟ್ ತುಂಬಿ ಬೇಯಿಸಿದೆ. ಅರ್ಧ ಮೇಲಿನ ಮನೆಗೆ ಹೋಯಿತು. ಉಪ್ಪು ಕಡಿಮೆ ಎಂದು ವಾಪಸ್ ಬಂತು. ವೈದ್ಯರು ಉಪ್ಪು ಬೇಡ ಎಂದಿದ್ದಾರೆ ಎಂದು ವಾಪಸ್ ಕಳಿಸಿದೆ. ಹಬ್ಬದ ದಿನವೂ ನನ್ನನ್ನು ಅಂಚೆಯವಳನ್ನಾಗಿ ಮಾಡಿದ್ದೀರಿ, ಇಬ್ಬರೂ ಸೇರಿ ನನಗೊಂದು ಅಂಚೆ ಟೋಪಿ ಕೊಡಿಸಿ ಎಂದು ಫಿಲೊಮೆನ್ ಬೈದಳು.

ಜನವರಿ ೧೭, ಶನಿವಾರ

ಹೊಳೆ ಅಂಚಿನಲ್ಲಿ ಹೆಪ್ಪುಗಟ್ಟಿದೆ. ಇಂಥ ಚಳಿ ನಾನು ಎರಡು ಸಲ ಕಂಡಿದ್ದೇನೆ, ಇದು ಮೂರನೆಯದು. ಸಂತೆಗೆ ಬಂದವರು ಐದೇ ಜನ. ಲೀಕ್ ಕೀಳಲು ಗುದ್ದಲಿ ಬೇಕಾಯಿತು, ಎಂಟು ಮುರಿದವು. ಆದರೂ ಅವನ ಹಲಗೆ ಹಾಕಿದೆ. ಖಾಲಿ ಸಂತೆಯಲ್ಲಿ ಯಾರು ಬಂದು ಜಾಗ ಕಿತ್ತುಕೊಳ್ಳುತ್ತಾರೆ, ಚಪ್ಪಲಿಯವನೂ ಇರಲಿಲ್ಲ. ಮನೆಯಲ್ಲೇ ಇರಬಹುದಿತ್ತು. ಹೋದೆ.

ಪ್ರಾದಲ್ ಹೆಸರು ಕೂಗಿದ, ನಾನು ಕಾಫಿ ಎಂದೆ. ಅವನು ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡ.

"ಲಿಯೊಂತೀನಮ್ಮ, ಇದು ಹನ್ನೊಂದನೇ ಕಾಫಿ. ಮನುಷ್ಯನಿಗೆ ನಿದ್ದೆ ಬರೋದು ಹೇಗೆ?"

ಅವನು ನಕ್ಕಿದ್ದರೆ ನಾನೂ ನಗುತ್ತಿದ್ದೆ. ನಗಲಿಲ್ಲ. ಪ್ರಾದಲ್ ಹೇಳಿದ, ಇಷ್ಟು ದಿನ ಕಣ್ಣು ಮುಚ್ಚಿಕೊಂಡಿದ್ದೇನೆ, ಆದರೆ ಈಸ್ಟರ್ ಕಳೆದ ಶನಿವಾರ ದೊಡ್ಡ ಪುಸ್ತಕ ಬರುತ್ತದೆ, ಅದರಲ್ಲಿ ಮುಂದಿನ ವರ್ಷಕ್ಕೆ ಪ್ರತಿಯೊಬ್ಬರೂ ತಮ್ಮ ಜಾಗದಲ್ಲಿ ನಿಂತು ತಮ್ಮ ಕೈಯಲ್ಲೇ ಸಹಿ ಹಾಕಬೇಕು, ಅಲ್ಲಿ ನಾನು ಕಣ್ಣು ಮುಚ್ಚಿದರೆ ಸಾಲದು. ನಿನ್ನ ಕಣ್ಣನ್ನು ಯಾರು ಕೇಳಿದರು ಎನ್ನಬೇಕೆಂದಿದ್ದೆ. ಒಂದು ಎಲೆಕೋಸು ಕೊಟ್ಟೆ. ತೆಗೆದುಕೊಂಡು ಹೋದ.

ಮನೆಗೆ ಬಂದು ಎಲೆಕೋಸಿನ ಎಲೆಗಳಲ್ಲಿ ಕೊಚ್ಚಿದ ಮಾಂಸ ಕಟ್ಟಿ ಮೂರು ಗಂಟೆ ಬೇಯಿಸಿದೆ. ಆರು ಕಟ್ಟಿನಲ್ಲಿ ನಾಲ್ಕು ಆನ್ಸೆಲ್ಮ್‌ಗೆ.

ಫೆಬ್ರವರಿ ೧೧, ಬುಧವಾರ

ಪಾತ್ರೆಯೊಳಗೆ ಪಿಯರ್ ಹಣ್ಣು ಬಂದವು, ಒಂದೊಂದನ್ನೂ ಹಳೇ ಪತ್ರಿಕೆಯಲ್ಲಿ ಸುತ್ತಿದ್ದ. ಅಟ್ಟದಲ್ಲಿ ಇಟ್ಟ ಚಳಿಗಾಲದ ಹಣ್ಣು. ಮೆಟ್ಟಿಲು ಹತ್ತಬಾರದು ಎಂದಿದ್ದಾರೆ, ಹತ್ತಿದ್ದಾನೆ, ಮೂರ್ಖ.

ಸಂದೇಶ ಏನಿತ್ತು ಎಂದು ಕೇಳಿದೆ. ಏನೂ ಇಲ್ಲ ಎಂದಳು ಫಿಲೊಮೆನ್. ಕೆಂಪು ವೈನಿನಲ್ಲಿ ಬೇಯಿಸಿ ತಿಂದೆ. ಚೆನ್ನಾಗಿತ್ತು.

ಮಾರ್ಚ್ ೭, ಶನಿವಾರ

ಹದಿನೆಂಟನೇ ಕಾಫಿ.

ಬಿಸಿಲು ಬಂದಿದೆ. ಹೊಲದ ಬದುವಿನಲ್ಲಿ ಕಹಿಸೊಪ್ಪು ಎದ್ದಿದೆ, ಬುಟ್ಟಿ ತುಂಬ ಕೊಯ್ದು ತಂದದ್ದು ಒಂಬತ್ತಕ್ಕೇ ಖಾಲಿ. ಹಂದಿಮಾಂಸದ ತುಣುಕು ಹುರಿದು, ಬಿಸಿ ಕೊಬ್ಬನ್ನೇ ಸೊಪ್ಪಿನ ಮೇಲೆ ಸುರಿದು, ಬಾಣಲೆಗೆ ವಿನೆಗರ್ ಹಾಕಿ ಅದನ್ನೂ ಸುರಿಯಬೇಕು. ಕೂಡರ್ಕ್ ಅಮ್ಮನವರಿಗೆ ಇದನ್ನು ನಲವತ್ತು ವರ್ಷದಿಂದ ಪ್ರತಿ ಮಾರ್ಚ್ ಹೇಳಿಕೊಡುತ್ತಿದ್ದೇನೆ. ಅವರಿಗೆ ಗೊತ್ತಿದೆ. ಕೇಳುವುದು ಇಷ್ಟ.

ಮೂಲೆಯಲ್ಲಿ ನಿಂತರೆ ಎರಡೂ ಬೀದಿ ಕಾಣುತ್ತದೆ. ಚರ್ಚಿನಿಂದ ಇಳಿದು ಬರುವವರನ್ನೂ ಸೇತುವೆಯಿಂದ ಹತ್ತಿ ಬರುವವರನ್ನೂ ಆನ್ಸೆಲ್ಮನೇ ಮೊದಲು ಹಿಡಿಯುತ್ತಿದ್ದ. ನನಗೆ ಸಿಕ್ಕಿದ್ದು ಕಂಬದ ಹಿಂದಿನ ಜಾಗ, ಅಪ್ಪ ತೀರಿಕೊಂಡಾಗ ಮೂಲೆ ಗಂಡುಮಗನಿಗೆ ಹೋಯಿತು. ಮೂವತ್ತು ವರ್ಷ ಅದನ್ನು ಕಂಡು ಹೊಟ್ಟೆಯುರಿ ಪಟ್ಟಿದ್ದೇನೆ. ಈಗ ನಾನೇ ಎರಡೂ ಕಡೆ ಓಡಾಡಿ ಮಾರುತ್ತೇನೆ, ಮಧ್ಯಾಹ್ನದ ಹೊತ್ತಿಗೆ ಕಾಲು ಸೋಲುತ್ತದೆ. ನಮ್ಮ ಸಂತೆಯಲ್ಲಿ ಯಾರೂ ಕೂರುವುದಿಲ್ಲ. ಕೂತವನ ಸಂತೆ ಮುಗಿಯಿತು ಎಂದು ಲೆಕ್ಕ. ಅಪ್ಪ ಸಾಯುವ ಹಿಂದಿನ ಶನಿವಾರವೂ ನಿಂತೇ ಈರುಳ್ಳಿ ಮಾರಿದ್ದ.

ಮಾರ್ಚ್ ೨೧, ಶನಿವಾರ

ಪ್ರಾದಲ್ ಬಂದು ಒಂದು ಸುದ್ದಿ ಹೇಳಿದ. ಒಳ್ಳೆಯ ಸುದ್ದಿ ಎಂದೇ ಹೇಳಿದ, ಪಾಪ. ಪುಸ್ತಕದ ವಿಷಯ ಹೇಳಲು ಗುರುವಾರ ಆನ್ಸೆಲ್ಮ್ ಮನೆಗೆ ಹೋಗಿದ್ದನಂತೆ. ಆನ್ಸೆಲ್ಮ್ ಬರುವುದಿಲ್ಲ, ಸಹಿ ಹಾಕುವುದಿಲ್ಲ ಎಂದನಂತೆ. ಸರದಿಯ ಪ್ರಕಾರ ಮೂಲೆ ಜಾಗ ಪಕ್ಕದವರಿಗೆ, ಅಂದರೆ ನನಗೆ.

ಚಪ್ಪಲಿಯವನ ಭಯ ಇನ್ನಿಲ್ಲ. ಎರಡೂ ಬೀದಿ ನನ್ನದು. ಇದನ್ನು ಕೇಳಿ ಕುಣಿಯಬೇಕಿತ್ತು. ಕೂಡರ್ಕ್ ಅಮ್ಮನವರಿಗೆ ಒಂದು ಕಿಲೋ ಕ್ಯಾರೆಟ್ ಬದಲು ಎರಡು ಕಿಲೋ ತೂಗಿ, ಚಿಲ್ಲರೆ ತಪ್ಪಾಗಿ ಕೊಟ್ಟು, ಕೊನೆಗೆ ಪಕ್ಕಕ್ಕೆ ತಿರುಗಿ "ನೋಡು ಇದನ್ನ" ಎಂದುಬಿಟ್ಟೆ. ಪಕ್ಕದಲ್ಲಿ ಬರೀ ಹಲಗೆ ಇತ್ತು.

ಯಾಕೆ ಇಷ್ಟು ಸಿಟ್ಟು ಬರುತ್ತಿದೆ ಗೊತ್ತಿಲ್ಲ.

ಮಾರ್ಚ್ ೨೪, ಮಂಗಳವಾರ

ಹೋದೆ.

ಹುಳಿಸೊಪ್ಪು, ಆರು ಮೊಟ್ಟೆ, ಒಂದು ತುಂಡು ಬೆಣ್ಣೆ ಚೀಲದಲ್ಲಿ ಹಾಕಿಕೊಂಡು, ದಾರಿಯುದ್ದಕ್ಕೂ ಅನ್ನಬೇಕಾದ್ದನ್ನೆಲ್ಲ ಜೋಡಿಸಿಕೊಂಡು ಮೇಲಿನ ಮನೆಗೆ ಹೋದೆ. ಬಾಗಿಲು ತೆರೆದ. ಅಪ್ಪನ ಉಣ್ಣೆ ಅಂಗಿ ಹಾಕಿದ್ದ, ಅದರೊಳಗೆ ಅವನು ಅರ್ಧ ಮಾತ್ರ ಇದ್ದ. ಅರವತ್ಮೂರಕ್ಕೆ ಎಪ್ಪತ್ತೈದರವನಂತೆ ಕಂಡ. ಜೋಡಿಸಿಕೊಂಡಿದ್ದ ಮಾತು ಬಿಟ್ಟು ಮೊಟ್ಟೆಯ ಚೀಲ ಎತ್ತಿ ತೋರಿಸಿದೆ.

"ಬಾಗಿಲು ಹಾಕು, ಗಾಳಿ ಬರತ್ತೆ," ಎಂದ. ಒಂಬತ್ತು ವರ್ಷದ ಮೇಲೆ ಆಡಿದ ಮೊದಲ ಮಾತು ಅದು.

ಒಲೆಯ ಮೇಲೆ ಪೊಟ್ಟಣದ ಸೂಪಿನ ಪುಡಿ ನೀರಿನಲ್ಲಿ ತೇಲುತ್ತಿತ್ತು. ಅದನ್ನು ಬಚ್ಚಲಿಗೆ ಸುರಿದೆ. ಸಹಿ ಹಾಕುವುದಿಲ್ಲ ಎಂದೆಯಂತೆ ಎಂದು ಕೇಳಿದೆ. ಹೌದು, ನಿನಗೆ ಮೂಲೆ ಸಿಗುತ್ತದೆ, ಮೂವತ್ತು ವರ್ಷದಿಂದ ಕಣ್ಣಿಟ್ಟಿದ್ದೆಯಲ್ಲ ಎಂದ.

"ಇಪ್ಪತ್ತು ಶನಿವಾರ ನಾನು ಊರೆಲ್ಲರ ಮುಂದೆ ಸುಳ್ಳು ಹೇಳಿದೀನಿ," ಎಂದೆ.

"ಹೇಳು ಅಂತ ನಾನು ಕೇಳಿದ್ನಾ?"

ನಾನು ಸೊಪ್ಪು ಹೆಚ್ಚಲು ಶುರುಮಾಡಿದೆ. ಕೈಯಲ್ಲಿ ಚಾಕು ಇದ್ದದ್ದು ಒಳ್ಳೆಯದಾಯಿತು, ಇಲ್ಲವಾದರೆ ಅತ್ತುಬಿಡುತ್ತಿದ್ದೆ. ಬೆಣ್ಣೆಯಲ್ಲಿ ಸೊಪ್ಪು ಬಾಡಿ ಕಂದು ಬಣ್ಣಕ್ಕೆ ತಿರುಗಿತು, ನೀರು, ಎರಡು ಆಲೂಗಡ್ಡೆ. ಅವನು ಬೆನ್ನ ಹಿಂದೆ ಕುರ್ಚಿಯಲ್ಲಿ ಕೂತು ಉಸಿರು ಎಳೆಯುವುದು ಕೇಳಿಸುತ್ತಿತ್ತು. ಕಾಲು ಗಂಟೆಗಿಂತ ಹೆಚ್ಚು ನಿಲ್ಲಲಾಗುವುದಿಲ್ಲ, ಅಲ್ಲಿ ಬಂದು ಎಲ್ಲರ ಎದುರು ಕುಸಿಯಬೇಕಾ ಎಂದ. ಪಾತ್ರೆ ಇಳಿಸಿ, ಅವನು ನೋಡಲಿ ಎಂದು ಮೇಜಿನ ಮೇಲೇ ಇಟ್ಟು, ಆಮೇಲೆ ಹಳದಿ ಸೇರಿಸಿದೆ.

ಕುಡಿದ. ಬಟ್ಟಲಿನ ತಳದಲ್ಲಿ ಎರಡು ಗುಟುಕು ಉಳಿದಾಗ ಅದಕ್ಕೆ ಕೆಂಪು ವೈನ್ ಸುರಿದು, ಬಟ್ಟಲನ್ನೇ ಎರಡೂ ಕೈಯಲ್ಲಿ ಎತ್ತಿ ಕುಡಿದ, ಅಪ್ಪನಂತೆ. ಬಟ್ಟಲು ಕೆಳಗಿಟ್ಟು ಅದನ್ನೇ ನೋಡುತ್ತ ಹೇಳಿದ:

"ಅಮ್ಮ ತಾಮ್ರದ ಪಾತ್ರೆ ಎಲ್ಲಾ ನಿಂಗೆ ಅಂದ್ಲು. ಆರು ವರ್ಷ ಅವಳನ್ನ ಎತ್ತಿ ಕೂರಿಸಿದ್ದು ನಾನು. ನಂಗೆ ಒಂದು ಸೌಟೂ ಇಲ್ಲ. ಸಿಟ್ಟು ಬಂತು. ಆ ಮಡಿ ನೀನು ನೋಡ್ಲಿ ಅಂತಾನೇ ಅಗೆದೆ. ಮೂರು ದಿನಕ್ಕೇ ಗೊತ್ತಾಯ್ತು, ತಪ್ಪು ಮಾಡ್ದೆ ಅಂತ. ಅಷ್ಟೊತ್ತಿಗೆ ನೀನು ತಂತಿ ಹತ್ರ ಬರೋದೇ ಬಿಟ್ಟಿದ್ದೆ."

"ಕರೀಬಹುದಿತ್ತು."

"ಕರೆದಿದ್ರೆ ಬರ್ತಿದ್ಯಾ?"

ಬರುತ್ತಿರಲಿಲ್ಲ. ಅವನಿಗೆ ಅದನ್ನು ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ನಾನು ಆ ಸಿಟ್ಟನ್ನು ಒಂಬತ್ತು ವರ್ಷ ಚೆನ್ನಾಗಿ ಸಾಕಿದೆ. ಆರು ವರ್ಷ ಅಮ್ಮನನ್ನು ಎತ್ತಿ ಕೂರಿಸಿದವನು ಅವನು ಎಂಬುದು ನನಗೆ ಗೊತ್ತಿತ್ತು, ಭಾನುವಾರ ಹೋಗಿ ಕೂತು ಬರುತ್ತಿದ್ದವಳು ನಾನು. ಪಾತ್ರೆ ಕೊಟ್ಟಾಗ ಬೇಡ ಎನ್ನಲಿಲ್ಲ. ಐದು ಪಾತ್ರೆ ಗೋಡೆಯ ಮೇಲಿವೆ, ಬಳಸುವುದು ಒಂದನ್ನು. ನಾಚಿಕೆಯಾಯಿತು.

ಹೊರಡುವಾಗ ಬರುತ್ತೀಯಾ ಎಂದು ಕೇಳಿದೆ. ನೋಡೋಣ ಎಂದ. ನಮ್ಮ ಮನೆಯಲ್ಲಿ ನೋಡೋಣ ಎಂದರೆ ಇಲ್ಲ ಎಂದರ್ಥ.

ಏಪ್ರಿಲ್ ೪, ಶನಿವಾರ

ಸಂತೆ ಮುಗಿಸಿ ಎರಡು ತಾಮ್ರದ ಪಾತ್ರೆ ಉಜ್ಜಿ ಮೇಲಿನ ಮನೆಗೆ ಕೊಟ್ಟು ಬಂದೆ. ಒಂದಕ್ಕೆ ಕಲಾಯಿ ಹೋಗಿದೆ ಎಂದ.

ಏಪ್ರಿಲ್ ೧೮, ಶನಿವಾರ

ನಾಳೆ ಈಸ್ಟರ್. ಸಂತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರಿಗೂ ಎಳೆ ಬೆಳ್ಳುಳ್ಳಿ ಬೇಕು, ಕುರಿಮರಿ ತೊಡೆಗೆ ಚುಚ್ಚುವುದಕ್ಕೆ. ಕೆಂಪು ಮೂಲಂಗಿ ನೂರು ಕಟ್ಟು ಕಟ್ಟಿದ್ದೆ, ಹತ್ತು ಗಂಟೆಗೆ ಒಂದೂ ಇಲ್ಲ. ಆನ್ಸೆಲ್ಮ್ ಹಲಗೆಯ ಮೇಲೆ ಪಾಲಕ್ ಮತ್ತು ಸಣ್ಣ ಈರುಳ್ಳಿ ಇಟ್ಟಿದ್ದೆ. ಅವನ ಮಡಿಯಲ್ಲಿ ನಾನೇ ಫೆಬ್ರವರಿಯಲ್ಲಿ ಬಿತ್ತಿದ್ದು. ಬಿತ್ತಿದ ದಿನ ಈ ಪುಸ್ತಕದಲ್ಲಿ ಬರೆದಿಲ್ಲ, ಯಾಕೆ ಮರೆತೆನೋ.

ಚಪ್ಪಲಿಯವನು ಬಂದು ಮುಂದಿನ ವಾರ ಮೂಲೆ ನಿಮ್ಮದಾದರೆ ಕಂಬದ ಹಿಂದಿನ ಜಾಗ ಖಾಲಿಯಾಗುತ್ತದಲ್ಲ ಎಂದು ಬಹಳ ವಿನಯದಿಂದ ಕೇಳಿದ. ಇಪ್ಪತ್ತಕ್ಕೂ ಹೆಚ್ಚು ವಾರ ಚಳಿಯಲ್ಲಿ ಕಾದಿದ್ದಾನೆ, ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ಅವನ ಮೇಲೆ ರೇಗಲಾಗಲಿಲ್ಲ. ಮುಂದಿನ ವಾರ ಕೇಳು ಎಂದೆ.

ಆನ್ಸೆಲ್ಮ್ ಬರದಿದ್ದರೆ ಮೂಲೆ ನನ್ನದು. ಅವನು ಬಂದು ಕುಸಿದರೆ ಅದು ನಾನು ಕರೆದದ್ದಕ್ಕೆ. ಎರಡರಲ್ಲಿ ಯಾವುದಕ್ಕೆ ಹೆದರುತ್ತಿದ್ದೇನೆ ಎಂದು ಕೇಳಿಕೊಂಡರೆ, ಮೊದಲನೆಯದಕ್ಕೆ.

ಏಪ್ರಿಲ್ ೨೫, ಶನಿವಾರ

ಏಳೂವರೆಗೆ ಫಿಲೊಮೆನ್ ವ್ಯಾನ್ ಬಂತು. ಅವಳು ಇಳಿದಳು, ಚೀಸ್ ಡಬ್ಬಗಳನ್ನು ಇಳಿಸಿದಳು, ಆಮೇಲೆ ಆ ಕಡೆಯ ಬಾಗಿಲು ತೆರೆದಳು. ಅವನು ಇಳಿದ. ಮನೆಯ ಚಪ್ಪಲಿಯಲ್ಲೇ ಬಂದಿದ್ದ, ಬೂಟಿನ ಭಾರ ಆಗುವುದಿಲ್ಲವಂತೆ. ಕಂಬ ಹಿಡಿದುಕೊಂಡು ತನ್ನ ಹಲಗೆಯ ಹಿಂದೆ ನಿಂತ. ನನ್ನ ಕಡೆ ನೋಡಲಿಲ್ಲ. ಪಾಲಕ್ ಕಟ್ಟುಗಳನ್ನೆಲ್ಲ ತಿರುಗಿಸಿ, ನಾನು ಇಟ್ಟಿದ್ದಕ್ಕಿಂತ ಬೇರೆ ರೀತಿ ಜೋಡಿಸಿದ.

ಕೋಳಿಯವನು ಟೋಪಿ ಎತ್ತಿದ, ಅಷ್ಟೇ. ಗಂಟೆ ಹೊಡೆಯುವುದಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ಆನ್ಸೆಲ್ಮನ ಕೈ ಹಲಗೆಯ ಅಂಚನ್ನು ಹಿಡಿದು ಬೆಳ್ಳಗಾಗುತ್ತಿತ್ತು. ನಾನು ಅದನ್ನೇ ನೋಡುತ್ತ ಮೂರು ಜನರಿಗೆ ಏನೇನು ಮಾರಿದೆನೋ ಗೊತ್ತಿಲ್ಲ.

ಎಂಟಾಯಿತು. ಪ್ರಾದಲ್ ದೊಡ್ಡ ಪುಸ್ತಕ ಎರಡೂ ಕೈಯಲ್ಲಿ ಹೊತ್ತು ಬಂದ. "ಆನ್ಸೆಲ್ಮ್ ವೆರ್ದಿಯೆ" ಎಂದ. ನನ್ನ ಹಾಳು ಬಾಯಿ, ಪಕ್ಕದಲ್ಲೇ ಅವನು ನಿಂತಿದ್ದರೂ, "ಕಾಫಿಗೆ ಹೋಗಿದಾನೆ" ಅಂದಿತು. ಇಡೀ ಮಾಡು ನಕ್ಕಿತು. ಕೂಡರ್ಕ್ ಅಮ್ಮನವರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಅವನು ನಗಲಿಲ್ಲ. ನಕ್ಕರೆ ಕೆಮ್ಮು ಬರುತ್ತದೆ.

ಪ್ರಾದಲ್ ಪುಸ್ತಕ ಹಲಗೆಯ ಮೇಲೆ ಬಿಚ್ಚಿ ಲೇಖನಿ ಕೊಟ್ಟ. ಆನ್ಸೆಲ್ಮ್ ಲೇಖನಿ ತೆಗೆದುಕೊಂಡ. ಆಮೇಲೆ, ಪ್ರಾದಲ್‌ಗೆ ಮಾತ್ರ ಕೇಳುವಂತೆ ಎಂದುಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದ, ಇದನ್ನು ಅವಳ ಹೆಸರಿಗೆ ಬರೆದುಕೊಳ್ಳಿ, ಅದನ್ನು ಹೇಳಲಿಕ್ಕೇ ಬಂದೆ, ಮಧ್ಯಾಹ್ನದವರೆಗೆ ನಿಲ್ಲುವ ಶಕ್ತಿ ನನಗಿಲ್ಲ, ಮುಂದೆಯೂ ಬರುವುದಿಲ್ಲ. ಪ್ರಾದಲ್ ನನ್ನ ಕಡೆ ನೋಡಿದ. ಇನ್ನೂ ನಲವತ್ತು ಜನ ಇದ್ದಾರೆ, ಅಕ್ಕತಮ್ಮ ಬೇಗ ತೀರ್ಮಾನ ಮಾಡಿ ಎಂದ.

ಮೂಲಂಗಿಯ ಎರಡು ಮರದ ಪೆಟ್ಟಿಗೆ ಖಾಲಿಯಾಗಿದ್ದವು. ಅವನ್ನು ಬೋರಲು ಹಾಕಿದೆ, ಒಂದನ್ನು ಅವನ ಹಲಗೆಯ ಹಿಂದೆ, ಒಂದನ್ನು ನನ್ನದರ ಹಿಂದೆ. ನನ್ನದರ ಮೇಲೆ ನಾನು ಕೂತೆ. ಅರವತ್ತೇಳು ವರ್ಷದ ಗಟ್ಟಿಮುಟ್ಟು ಹೆಂಗಸು, ಬೆಳಿಗ್ಗೆ ಎಂಟು ಗಂಟೆಗೆ, ಸಂತೆಯ ನಟ್ಟನಡುವೆ, ಕೂತುಬಿಟ್ಟೆ. ಫಿಲೊಮೆನ್ ಬಾಯಿ ತೆರೆದುಕೊಂಡೇ ನಿಂತಿದ್ದಳು. ಹಲಗೆಯ ಮೇಲಿಂದ ನನಗೆ ಕಂಡದ್ದು ಬರೀ ಜನರ ಹೊಟ್ಟೆ ಮತ್ತು ಬುಟ್ಟಿ.

"ನಂಗೆ ಮೂಲೆ ಬೇಡ," ಎಂದೆ. "ನೀನು ಅದರಲ್ಲಿ ಇರ್ಬೇಕು. ಒಂಬತ್ತು ವರ್ಷ ಮಾತಾಡದೇ ಇದ್ದಾಗಲೂ ನೀನು ಪಕ್ಕದಲ್ಲಿ ಇದ್ಯಲ್ಲ. ಈ ಚಳಿಗಾಲ ನೀನು ಇರ್ಲಿಲ್ಲ. ನನ್ ಕೈಲಾಗಲ್ಲ. ಕೂತ್ಕೊ."

ಅವನ ಪೆಟ್ಟಿಗೆಯ ಕಡೆ ಕೈ ತೋರಿಸಿದೆ.

ಯಾರೂ ಏನೂ ಕೊಳ್ಳುತ್ತಿರಲಿಲ್ಲ, ಯಾರೂ ಮಾರುತ್ತಿರಲಿಲ್ಲ. ಅವನು ಆ ಪೆಟ್ಟಿಗೆಯನ್ನು ನೋಡಿದ. ಆಮೇಲೆ ಪುಸ್ತಕದ 'ಆನ್ಸೆಲ್ಮ್ ವೆರ್ದಿಯೆ' ಎಂಬ ಸಾಲಿನ ಮುಂದೆ, ಶಾಲೆಯ ಹುಡುಗನಂತೆ ನಿಧಾನವಾಗಿ, ಸಹಿ ಹಾಕಿದ. ಲೇಖನಿ ವಾಪಸ್ ಕೊಟ್ಟ. ಹಲಗೆಯನ್ನು ಹಿಡಿದುಕೊಂಡು ಮೆಲ್ಲಗೆ ಬಗ್ಗಿ, ಕೂತ. ಉಸಿರು ಹಿಂದಕ್ಕೆ ಬರಲು ಸ್ವಲ್ಪ ಹೊತ್ತು ಬೇಕಾಯಿತು. ನಮ್ಮ ನಡುವೆ ನನ್ನ ಈರುಳ್ಳಿ ಬುಟ್ಟಿಗಳ ಸಾಲಿತ್ತು. ಅವನು ಬಗ್ಗಿ ಅದನ್ನು ನೋಡಿದ, ಎರಡು ಜಾಗ ಬೇರೆ ಮಾಡುವ ನೆಲದ ಕಲ್ಲಿನ ಗೀಟು ನೋಡಿದ, ಮತ್ತೆ ಬುಟ್ಟಿ ನೋಡಿದ.

"ಹಾಗಾದ್ರೆ ಅಕ್ಕ, ಬುಟ್ಟಿ ಆಚೆ ತೆಗಿ. ಒಂದು ಗೇಣು ನನ್ನ ಜಾಗಕ್ಕೆ ಬಂದಿದೀಯ."

ನೋಡಿದೆ. ಒಂದು ಗೇಣಲ್ಲ, ಎರಡು ಗೇಣು ಹೋಗಿದ್ದೆ. ತೆಗೆದೆ.